ಒಂದೇ ಹಡಗು, ಬೇರೆ ಬೇರೆ ಪಾಳಿ

(ಉಡುಪಿಯ ಯುವಕ ಮಂಡಲವೊಂದರ ಕಾರ್ಯಕ್ರಮದಲ್ಲಿ, ಕ್ರೂಸ್ ಹಡಗಿನಲ್ಲಿ ಗಂಡನ ಜೊತೆ ಕೆಲಸ ಮಾಡಿ ಬಂದವರೊಬ್ಬರು ಆಡಿದ ಮಾತುಗಳ ಬರಹ ರೂಪ.)

ನಮ್ಮ ಕಡೆ "ಶಿಪ್ಪಿನಲ್ಲಿದ್ದಾರೆ" ಅಂದರೆ ಸಾಕು, ಮನೆಗೆ ಒಂದು ತೂಕ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಒಂದೇ ಶಿಪ್ಪಿನಲ್ಲಿ ಅಂದರೆ ಕೇಳುವುದೇ ಬೇಡ. "ನಿನಗೇನು ಮಾರಾಯ್ತಿ, ಸಂಬಳವೂ ಬರುತ್ತದೆ, ಲೋಕವೂ ಸುತ್ತಿ ಆಗುತ್ತದೆ" ಅಂತ ಮದುವೆ ಮನೆಗಳಲ್ಲಿ ಎಷ್ಟು ಜನ ಹೇಳಿದ್ದಾರೋ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಊಟದ ಪಂಕ್ತಿಯಲ್ಲಿ ಕೂತು ವಿವರಿಸುವ ವಿಷಯ ಅಲ್ಲ ಅದು. ಇವತ್ತು ಮೈಕೂ ಕೊಟ್ಟಿದ್ದೀರಿ, ಸಮಯವೂ ಕೊಟ್ಟಿದ್ದೀರಿ.

ಇಲ್ಲಿ ಮಲ್ಪೆಯವರು ತುಂಬಾ ಜನ ಇದ್ದೀರಿ. ಕಡಲಿನ ಬಗ್ಗೆ ನಿಮಗೆ ನಾನು ಹೇಳುವಂಥದ್ದು ಏನೂ ಇಲ್ಲ. ಆಳಸಮುದ್ರದ ಬೋಟಿನ ತಂಡೇಲರಿಗೆ ಗೊತ್ತಿರುವ ಕಡಲು ನನಗೆ ಗೊತ್ತೇ ಇಲ್ಲ. ನಿಜ ಹೇಳಬೇಕೆಂದರೆ ಕ್ರೂಸ್ ಹಡಗಿನಲ್ಲಿ ಕೆಲಸ ಮಾಡುವವರಿಗೆ ಕಡಲು ಕಾಣುವುದೇ ಅಪರೂಪ. ಇವರು ಇದ್ದದ್ದು ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ. ಅಲ್ಲಿ ಕಿಟಕಿ ಇಲ್ಲ. ನಾನು ಇದ್ದದ್ದು ಗೆಸ್ಟ್ ಸರ್ವಿಸ್ ಡೆಸ್ಕಿನಲ್ಲಿ. ಅದು ಹಡಗಿನ ನಟ್ಟನಡುವೆ, ಲಾಬಿಯಲ್ಲಿ. ಅಲ್ಲೂ ಕಿಟಕಿ ಇಲ್ಲ. ನಮ್ಮ ಕ್ಯಾಬಿನ್ ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಂತೂ ಕಿಟಕಿಯ ಮಾತೇ ಇಲ್ಲ. ಹೊರಗೆ ಹಗಲೋ ರಾತ್ರಿಯೋ ಅಂತ ತಿಳಿಯಲು ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಾನೆಲ್ ಹಾಕಿ ನೋಡುತ್ತಿದ್ದೆವು.

ಪ್ರಯಾಣಿಕರ ಹಡಗು ಮತ್ತು ಕೆಲಸಗಾರರ ಹಡಗು ಅಂತ ಒಂದರೊಳಗೆ ಎರಡು ಹಡಗು ಉಂಟು ಅಂತ ತಿಳಿದುಕೊಳ್ಳಿ. ಮೇಲೆ ಕಾರ್ಪೆಟ್, ತೂಗುದೀಪ, ಪಿಯಾನೊ. ಒಂದು ಬಾಗಿಲು ತಳ್ಳಿದರೆ ಈಚೆ ಬಿಳಿ ಬಣ್ಣದ ಕಬ್ಬಿಣದ ಗೋಡೆ, ಮೇಲೆ ಪೈಪುಗಳು, ಕೆಳಗೆ ಒರಟು ನೆಲ. ಹಡಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದಕ್ಕೆ ಒಂದು ಓಣಿ. ಅಮೆರಿಕದ ಕಡೆ ಓಡುವ ಹಡಗುಗಳಲ್ಲಿ ಅದಕ್ಕೆ ಐ-95 ಅಂತ ಕರೆಯುತ್ತಾರೆ, ಅಲ್ಲಿನ ಒಂದು ಹೆದ್ದಾರಿಯ ಹೆಸರು. ಕಸದ ಗಾಡಿ, ಹಾಸಿಗೆ ಬಟ್ಟೆಯ ಗಾಡಿ, ತರಕಾರಿ ಪೆಟ್ಟಿಗೆ, ಡ್ಯಾನ್ಸ್ ಡ್ರೆಸ್ ಹಾಕಿದ ಹುಡುಗಿಯರು, ಬಾಯ್ಲರ್ ಸೂಟಿನ ಇಂಜಿನ್ ಹುಡುಗರು, ಎಲ್ಲರೂ ಅದರಲ್ಲೇ. ಪರ್ಯಾಯದ ದಿನದ ರಥಬೀದಿ ಅಂತ ಇಟ್ಟುಕೊಳ್ಳಿ, ಆದರೆ ದಿನಾ. ನಾನೂ ಇವರೂ ದಿನದಲ್ಲಿ ಜಾಸ್ತಿ ಭೇಟಿಯಾಗುತ್ತಿದ್ದದ್ದು ಆ ಓಣಿಯಲ್ಲೇ. ಭೇಟಿ ಅಂದರೆ ಎಂತದು? ಇವರು ಆಚೆಯಿಂದ ಟ್ರಾಲಿ ತಳ್ಳಿಕೊಂಡು, ನಾನು ಈಚೆಯಿಂದ ಓಡಿಕೊಂಡು. "ಊಟ ಆಯ್ತಾ?" "ಆಯ್ತು." ಅಷ್ಟೇ.

ಒಂದೇ ಹಡಗಿಗೆ ಬರುವುದೇ ಮೊದಲು ದೊಡ್ಡ ಕೆಲಸ. ಮದುವೆಯಾದವರು ಕಂಪೆನಿಗೆ ಅರ್ಜಿ ಕೊಡಬೇಕು, ನಮ್ಮಿಬ್ಬರನ್ನು ಒಟ್ಟಿಗೆ ಹಾಕಿ ಅಂತ. ಕಂಪೆನಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪಿದರೂ ಕಾಂಟ್ರಾಕ್ಟಿನ ಅವಧಿ ಬೇರೆ ಬೇರೆ. ಗ್ಯಾಲಿಯವರಿಗೆ ಎಂಟೊಂಬತ್ತು ತಿಂಗಳು, ಡೆಸ್ಕಿನವರಿಗೆ ಸುಮಾರು ಆರು. ಅಧಿಕಾರಿಗಳಿಗೆ ಇನ್ನೂ ಕಡಿಮೆ. ಹಾಗಾಗಿ ನಾನು ಹತ್ತುವಾಗ ಇವರದ್ದು ಅರ್ಧ ಮುಗಿದಿರುತ್ತಿತ್ತು. ನಾನು ಇಳಿದು ಊರಿಗೆ ಬಂದರೆ ಇವರು ಇನ್ನೂ ಅಲ್ಲೇ. ಇವರು ಊರಿಗೆ ಬರುವ ಹೊತ್ತಿಗೆ ನನಗೆ ಮುಂದಿನ ಹಡಗಿನ ಟಿಕೆಟ್ ಬಂದಿರುತ್ತಿತ್ತು. ರಜೆಗೆ ಸಂಬಳ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಊರಲ್ಲಿ ಇದ್ದಷ್ಟು ದಿನ ಕೈಯಿಂದ ಖರ್ಚು.

ಇನ್ನು ಕ್ಯಾಬಿನ್. ಜೋಡಿಗಳಿಗೆ ಅಂತ ಬೇರೆ ಕ್ಯಾಬಿನ್ ಕೊಡುವ ಹಡಗುಗಳು ಉಂಟು, ಖಾಲಿ ಇದ್ದರೆ. ಜೋಡಿ ಕ್ಯಾಬಿನ್ ಅಂದ ಕೂಡಲೇ ದೊಡ್ಡ ಮಂಚ ಅಂದುಕೊಳ್ಳಬೇಡಿ. ಮೇಲೊಂದು ಕೆಳಗೊಂದು ಬಂಕ್, ಎರಡಕ್ಕೂ ಪರದೆ. ಒಬ್ಬರು ನಿಂತು ಅಂಗಿ ಹಾಕುವಾಗ ಇನ್ನೊಬ್ಬರು ಹಾಸಿಗೆಯಲ್ಲೇ ಇರಬೇಕು, ನೆಲದಲ್ಲಿ ಇಬ್ಬರಿಗೆ ಜಾಗ ಇಲ್ಲ. ಬಚ್ಚಲಲ್ಲಿ ಶವರ್ ಪರದೆ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಕ್ಯಾಬಿನ್ ಮುಂಭಾಗದಲ್ಲಿತ್ತು. ಹಡಗು ಅಲುಗಾಡುವುದು ಕಡಿಮೆ ಆಗಬೇಕಾದರೆ ನಡುವೆ, ಕೆಳಗೆ ಇರಬೇಕು. ನಮ್ಮದು ಕೆಳಗೆ ಹೌದು, ಆದರೆ ನಡುವೆ ಅಲ್ಲ. ಕಡಲು ಕೆಟ್ಟಾಗ ಮೂತಿ ಎದ್ದು ನೀರಿಗೆ ಬಡಿಯುತ್ತಿತ್ತು. ತಲೆಯ ಪಕ್ಕದಲ್ಲೇ ಯಾರೋ ಕಬ್ಬಿಣದ ಡ್ರಮ್ಮಿಗೆ ಸುತ್ತಿಗೆ ಹಾಕಿದ ಸದ್ದು. ಒಂದು ವಾರ ಕಳೆದರೆ ಅದರಲ್ಲೂ ನಿದ್ದೆ ಬರುತ್ತದೆ. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ, ಅಲ್ವಾ?

ಕೆಲಸದ ಹೊತ್ತಿನ ಬಗ್ಗೆ ಹೇಳುತ್ತೇನೆ, ಇದು ಇಲ್ಲಿರುವ ಹುಡುಗರು ಗಮನ ಕೊಟ್ಟು ಕೇಳಬೇಕು. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು, ಎಂಎಲ್‌ಸಿ ಅಂತ. ಜಾರಿಗೆ ಬಂದದ್ದು 2013ರಲ್ಲಿ, ಭಾರತ ಒಪ್ಪಿದ್ದು 2015ರಲ್ಲಿ. ಅದರ ಲೆಕ್ಕದಲ್ಲಿ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು, ವಾರಕ್ಕೆ 77 ಗಂಟೆ. ಆ 10 ಗಂಟೆಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಕನಿಷ್ಠ 6 ಗಂಟೆ ಇದ್ದರೆ ಆಯಿತು. ಕೇಳಲಿಕ್ಕೆ ಒಳ್ಳೆಯದೇ. ಇದಿಲ್ಲದ ಕಾಲದಲ್ಲಿ ಹಿಂದಿನವರು ಪಟ್ಟ ಪಾಡು ಏನೋ. ಆದರೆ ಈಗ ಗಂಡ ಹೆಂಡತಿಯ ಲೆಕ್ಕ ಹಾಕಿ ನೋಡಿ. ಇವರದ್ದು ಬೆಳಿಗ್ಗೆ ಐದಕ್ಕೆ ಶುರು, ಮಧ್ಯಾಹ್ನ ಸ್ವಲ್ಪ ಬಿಡುವು, ಪುನಃ ರಾತ್ರಿ ಹತ್ತರವರೆಗೆ. ನನ್ನದು ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಪಾಳಿ. ಇವರ 10 ಗಂಟೆ ಒಂದು ಕಡೆ, ನನ್ನ 10 ಗಂಟೆ ಇನ್ನೊಂದು ಕಡೆ. ಎರಡೂ ಒಂದರ ಮೇಲೊಂದು ಬಿದ್ದದ್ದು ಎಷ್ಟು ಹೊತ್ತು? ಅದರಲ್ಲೂ ಒಬ್ಬರಿಗೆ ನಿದ್ದೆ.

ಅದರ ಮೇಲೆ ಗಡಿಯಾರದ ಕಾಟ. ಏಪ್ರಿಲ್ ಬಂತೆಂದರೆ ಹಡಗು ಫ್ಲಾರಿಡಾ ಬಿಟ್ಟು ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋಗುತ್ತದೆ. ಬಾರ್ಸಿಲೋನಾ ಮುಟ್ಟುವ ಹೊತ್ತಿಗೆ ಆರು ಗಂಟೆಯ ವ್ಯತ್ಯಾಸ. ಹಾಗಾಗಿ ದಾರಿಯಲ್ಲಿ ಒಂದೊಂದು ರಾತ್ರಿ ಒಂದೊಂದು ಗಂಟೆ ಮುಂದೆ ತಿರುಗಿಸುತ್ತಾರೆ. ರಾತ್ರಿ ಎರಡು ಗಂಟೆ ಅನ್ನುವುದು ಮೂರಾಗುತ್ತದೆ. ಪ್ರಯಾಣಿಕರು ಬೆಳಿಗ್ಗೆ ಒಂಬತ್ತಕ್ಕೆ ಎದ್ದು "ಅಯ್ಯೋ ಒಂದು ಗಂಟೆ ಹೋಯಿತು" ಅಂತ ನಗುತ್ತಾರೆ. ಐದಕ್ಕೆ ಬನ್ನು ಬೇಯಿಸಬೇಕಾದವನಿಗೆ ಆ ಗಂಟೆ ನಿದ್ದೆಯಿಂದಲೇ ಹೋಗಬೇಕು. ಚಳಿಗಾಲಕ್ಕೆ ಮೊದಲು ಹಡಗು ವಾಪಸ್ ಪಶ್ಚಿಮಕ್ಕೆ ಬರುವಾಗ ಅದೇ ಗಂಟೆ ಬಡ್ಡಿಯಿಲ್ಲದೆ ವಾಪಸ್ ಸಿಗುತ್ತದೆ. ಆ ಪ್ರಯಾಣದಲ್ಲಿ ಕೆಲಸಗಾರರ ಮುಖದ ಕಳೆಯೇ ಬೇರೆ. ನಮ್ಮ ಒಳ್ಳೆಯ ಮಾತುಕತೆಗಳೆಲ್ಲ ಆಗಿರುವುದು ಪಶ್ಚಿಮಕ್ಕೆ ಹೋಗುವಾಗಲೇ. ಜಗಳಗಳು ಪೂರ್ವಕ್ಕೆ ಬರುವಾಗ. ಇದನ್ನು ಇವರೂ ಒಪ್ಪುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸುತ್ತಿದ್ದಾರೆ ನೋಡಿ.

ಗಂಡ ಅಡುಗೆಯವನಲ್ಲವಾ, ಹಾಗಾದರೆ ಊಟದ ಸುಖ ಇತ್ತಲ್ಲ ಅಂತ ನೀವು ಕೇಳಬಹುದು. ಅಲ್ಲಿಯೇ ಇರುವುದು ಮಜಾ. ಅಡುಗೆಮನೆಯಿಂದ ಒಂದು ತುತ್ತೂ ಕ್ಯಾಬಿನ್ನಿಗೆ ತರುವ ಹಾಗಿಲ್ಲ. ಕಾರಣ ಯುಎಸ್‌ಪಿಎಚ್. ಅಮೆರಿಕದ ಬಂದರಿಗೆ ಹೋಗುವ ಹಡಗುಗಳಿಗೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯವರು ಬಂದು ಸ್ವಚ್ಛತೆ ತಪಾಸಣೆ ಮಾಡುತ್ತಾರೆ. 1970ರ ದಶಕದಿಂದಲೂ ಇರುವ ಪದ್ಧತಿ. ಹೇಳಿ ಕೇಳಿ ಬರುವುದಿಲ್ಲ. 100 ಅಂಕಕ್ಕೆ 85 ಅಥವಾ ಕಡಿಮೆ ಬಂದರೆ ಫೇಲ್. ಅಂಕವನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತಾರೆ. ತಣ್ಣಗಿನ ಆಹಾರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಬಿಸಿಯದ್ದು 57 ಡಿಗ್ರಿಗಿಂತ ಮೇಲೆ. ನಡುವೆ ಇದ್ದದ್ದು ಕಸದ ಡಬ್ಬಿಗೆ. ಇವರ ಅಂಗಿಯ ತೋಳಿನ ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರ್ ಕಡ್ಡಿ. ಸಾರಿಗೆ ಚುಚ್ಚುವುದು, ನೋಡುವುದು, ಒರೆಸುವುದು, ಬರೆಯುವುದು. ಊರಿಗೆ ಬಂದ ಮೇಲೆ ಒಮ್ಮೆ ನಮ್ಮ ಅತ್ತೆಯವರ ಹುರುಳಿ ಸಾರಿನ ಪಾತ್ರೆ ರಾತ್ರಿಯೆಲ್ಲ ಒಲೆಯ ಮೇಲೆ ಇದ್ದದ್ದು ನೋಡಿ ಇವರು ಬೆವರಿದ್ದರು. ಹುರುಳಿ ಸಾರು ಮರುದಿನವೇ ರುಚಿ ಅನ್ನುವ ಅತ್ತೆ ಯಾವ ತಪಾಸಣೆಯವರಿಗೂ ಹೆದರುವವರಲ್ಲ.

ಸುಮ್ನೆ ನಿಯಮ ಅಂತ ಬೈಯಬೇಡಿ. ಸಾವಿರಗಟ್ಟಲೆ ಜನ ಒಂದೇ ಕಟ್ಟಡದಲ್ಲಿ ತಿಂದು ಮಲಗುವಾಗ ಒಬ್ಬನ ಹೊಟ್ಟೆ ಕೆಟ್ಟರೆ ಮರುದಿನ ನೂರು ಜನರದ್ದು ಕೆಡಬಹುದು. ನೊರೊವೈರಸ್ ಅಂತ ಉಂಟು, ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಅದಕ್ಕೆ ಸಾಕಾಗುವುದಿಲ್ಲ, ಸೋಪು ನೀರೇ ಆಗಬೇಕು. ಅಡುಗೆಯವರಿಗೆ ವಾಂತಿ ಭೇದಿ ಆದರೆ ಅದು ನಿಂತು 48 ಗಂಟೆ ಕಳೆಯುವವರೆಗೆ ಕ್ಯಾಬಿನ್ನಿನಿಂದ ಹೊರಗೆ ಬರಬಾರದು. ಒಮ್ಮೆ ಇವರನ್ನು ಹಾಗೆ ಕೂಡಿಹಾಕಿದಾಗ ನನ್ನನ್ನು ಬೇರೆ ಹುಡುಗಿಯ ಕ್ಯಾಬಿನ್ನಿಗೆ ಸಾಗಿಸಿದರು. ಗಂಡನಿಗೆ ಮೈ ಸರಿಯಿಲ್ಲ, ಹೆಂಡತಿ ಗಂಜಿ ಕೊಡುವ ಹಾಗಿಲ್ಲ. ಬಾಗಿಲ ಹೊರಗೆ ಇನ್ಯಾರೋ ಟ್ರೇ ಇಟ್ಟು ಹೋಗುತ್ತಿದ್ದರು. ಗಂಜಿ ಅಂದೆ, ಆದರೆ ಅಲ್ಲಿ ಕುಚ್ಚಲಕ್ಕಿ ಎಲ್ಲಿಂದ? ಸಿಬ್ಬಂದಿಯ ಮೆಸ್ಸಿನಲ್ಲಿ ಮೂರು ಹೊತ್ತೂ ಅನ್ನ ಉಂಟು, ಫಿಲಿಪೀನ್ಸಿನವರ ಪುಣ್ಯ. ಆದರೆ ಬೆಳ್ತಿಗೆ, ಬಿಳಿ ಅಕ್ಕಿಯದ್ದು. ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಮೊದಲು ಮಾತಾಡುವುದೇ ಆ ಅನ್ನದ ವಿಷಯ.

ಡೆಸ್ಕಿನ ಬಗ್ಗೆ ಒಂದೆರಡು ಮಾತು. ಹಡಗಿನಲ್ಲಿ ಯಾರೂ ನೋಟು ಕೊಡುವುದಿಲ್ಲ. ಕೋಣೆಯ ಕಾರ್ಡ್ ಉಜ್ಜಿದರೆ ಲೆಕ್ಕ ಬರೆದಾಯಿತು. ಕೊನೆಯ ರಾತ್ರಿ ಬಿಲ್ ಬರುತ್ತದೆ. ಆಗ ನಮ್ಮ ಎದುರು ಸಾಲು. ಗಂಡ ಹೆಂಡತಿ ಒಟ್ಟಿಗೆ ಬರುತ್ತಾರೆ. ಗಂಡ ಬಿಲ್ಲಿನ ಮೇಲೆ ಬೆರಳಿಟ್ಟು "ಇದು ಎಂತದು?" ಅಂತ ಕೇಳುತ್ತಾನೆ. ನಮಗೆ ಗೊತ್ತು, ಅದು ಕ್ಯಾಸಿನೊ. ಹೆಂಡತಿ ಆಚೆ ನೋಡುತ್ತಾಳೆ. ಕೆಲವು ಸಲ ಉಲ್ಟಾ. ಅಲ್ಲಿ ನಿಂತು ನಾನು ಕಲಿತದ್ದು ಮುಖದಲ್ಲಿ ಏನೂ ತೋರಿಸದೆ ಪ್ರಿಂಟ್ ತೆಗೆದುಕೊಡುವುದು. ರಜೆಗೆ ಬಂದ ಜೋಡಿಗಳು ಇಡೀ ವಾರ ಒಟ್ಟಿಗೆ ಇರುತ್ತಾರಲ್ಲ, ಅವರಿಗೆ ಅದು ಅಭ್ಯಾಸ ಇಲ್ಲ. ಮೂರನೇ ದಿನದಿಂದ ಒಬ್ಬರು ಲೈಬ್ರರಿಯಲ್ಲಿ, ಇನ್ನೊಬ್ಬರು ಈಜುಕೊಳದಲ್ಲಿ. ಕೆಳಗೆ ನಾವು ಹತ್ತು ನಿಮಿಷ ಸಿಕ್ಕಿದರೆ ಸಾಕು ಅಂತ ಕಾಯುತ್ತಿದ್ದೆವು.

ವಯಸ್ಸಾದವರು ಬೇರೆ ತರಹ. ವರ್ಷದಲ್ಲಿ ಹೆಚ್ಚು ಕಾಲ ಹಡಗಿನಲ್ಲೇ ಇರುವ ಅಜ್ಜ ಅಜ್ಜಿಯಂದಿರು ಇದ್ದಾರೆ. ಮಗ ಎಲ್ಲೋ, ಮಗಳು ಎಲ್ಲೋ. ಇಲ್ಲಿ ಊಟ ಉಂಟು, ಡಾಕ್ಟರ್ ಉಂಟು, ಹೆಸರು ಹಿಡಿದು ಮಾತಾಡಿಸುವ ಹುಡುಗರು ಉಂಟು. ದೊಡ್ಡ ಹಡಗುಗಳಲ್ಲಿ ಶವಾಗಾರವೂ ಇರುತ್ತದೆ, ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗಂಡ ತೀರಿಕೊಂಡರೆ ಹೆಂಡತಿಯ ಪಕ್ಕದಲ್ಲಿ ನಿಂತು ಕಾಗದಪತ್ರ ತುಂಬಿಸುವುದು ಡೆಸ್ಕಿನವರ ಕೆಲಸದಲ್ಲೇ ಬರುತ್ತದೆ. ಅಂಥ ಒಬ್ಬರು ಮರುವರ್ಷ ಒಬ್ಬರೇ ಬಂದರು, ಅದೇ ಕೋಣೆ ಕೇಳಿ ಪಡೆದರು. ನನ್ನನ್ನು ಗುರುತು ಹಿಡಿದು ಮೊದಲು ಕೇಳಿದ್ದು, ನಿನ್ನ ಗಂಡನಿಗೆ ಈ ಸಲವಾದರೂ ಭಾನುವಾರ ರಜೆ ಸಿಗುತ್ತದಾ ಅಂತ. ಹಡಗಿನಲ್ಲಿ ಭಾನುವಾರ ಅಂತ ಇಲ್ಲ. ಕಾಂಟ್ರಾಕ್ಟ್ ಮುಗಿಯುವವರೆಗೆ ಪೂರ್ತಿ ಒಂದು ದಿನದ ರಜೆ ಅಂತಲೇ ಇಲ್ಲ.

ಬಂದರು ಬಂದಾಗ ಇಳಿಯಲು ಬಿಡುತ್ತಾರೆ. ಆದರೆ ಅದಕ್ಕೂ ಲೆಕ್ಕ. ಹಡಗು ಕಟ್ಟಿರುವಾಗ ಬೆಂಕಿ ಬಿದ್ದರೆ, ಇನ್ನೇನಾದರೂ ಆದರೆ ನೋಡಿಕೊಳ್ಳಲು ಇಂತಿಷ್ಟು ಜನ ಒಳಗೆ ಇರಲೇಬೇಕು. ಅದಕ್ಕೆ ಪೋರ್ಟ್ ಮ್ಯಾನಿಂಗ್ ಅನ್ನುತ್ತಾರೆ. ಸರದಿ ಬಂದವರು ಇಳಿಯುವ ಹಾಗಿಲ್ಲ. ಇವರ ಸರದಿ ಇಲ್ಲದ ದಿನ ನನ್ನದು, ನನ್ನದಿಲ್ಲದ ದಿನ ಇವರದ್ದು. ನೇಪಲ್ಸ್ ನಾನು ನೋಡಿದ್ದೇನೆ, ಇವರು ನೋಡಿಲ್ಲ. ಅಲಾಸ್ಕದ ಜೂನೋದಲ್ಲಿ ಇವರು ಹಿಮನದಿ ನೋಡಿ ಬಂದಿದ್ದಾರೆ, ನಾನು ಇವರ ಫೋನಿನಲ್ಲಿ ನೋಡಿದ್ದು. ಒಟ್ಟಿಗೆ ಇಳಿದ ಊರುಗಳಲ್ಲಿ ಹೆಚ್ಚಿನವು ಮೆಕ್ಸಿಕೊದ ಕೊಸುಮೆಲ್ ತರಹದವು. ಅಲ್ಲಿ ಎಲ್ಲರೂ ಮಾಡುವುದು ಒಂದೇ, ಬಂದರಿನ ಹತ್ತಿರ ಫ್ರೀ ವೈಫೈ ಇರುವ ಅಂಗಡಿ ಹುಡುಕಿ ಊರಿಗೆ ಫೋನ್. ಈಗ ಸ್ಟಾರ್‌ಲಿಂಕ್ ಬಂದ ಮೇಲೆ ಹಡಗಿನಲ್ಲೇ ಇಂಟರ್ನೆಟ್ ಸುಧಾರಿಸಿದೆ. ನಮ್ಮ ಕಾಲದಲ್ಲಿ ನಿಮಿಷದ ಲೆಕ್ಕದಲ್ಲಿ ಕಾರ್ಡ್ ಕೊಂಡು, ಒಂದು ಫೋಟೊ ತೆರೆಯುವಷ್ಟರಲ್ಲಿ ಅದು ಖಾಲಿ.

ಒಂದು ಸಲ ನಮ್ಮ ಹಡಗು ದುಬೈಯಿಂದ ಸಿಂಗಾಪುರದ ಕಡೆ ಹೊರಟಿತು. ದಾರಿಯಲ್ಲಿ ಮುಂಬಯಿ, ಗೋವಾ, ಆಮೇಲೆ ನವಮಂಗಳೂರು ಬಂದರು, ಕೊಚ್ಚಿ. ಪಟ್ಟಿ ನೋಡಿದಾಗ ಇಬ್ಬರಿಗೂ ರಾತ್ರಿ ನಿದ್ದೆ ಇಲ್ಲ. ಪಣಂಬೂರು! ಅಲ್ಲಿಂದ ಕಾಪುವಿಗೆ ಹೆದ್ದಾರಿಯಲ್ಲಿ ಒಂದು ಗಂಟೆಯೂ ಬೇಡ. ಇವರಿಗೆ ನಾಲ್ಕು ಗಂಟೆ ಬಿಡುವು ಸಿಕ್ಕಿತು. ನನಗೆ ಆ ದಿನ ಪೋರ್ಟ್ ಮ್ಯಾನಿಂಗ್. ಬದಲಿಗೆ ಯಾರಾದರೂ ಬರುತ್ತಾರಾ ಅಂತ ಕೇಳಿದೆ. ಆ ದಿನ ಎಲ್ಲರಿಗೂ ಇಳಿಯುವ ಆಸೆ, ಡೆಸ್ಕಿನಲ್ಲಿ ಜನ ಕಡಿಮೆ.

ಬೆಳಿಗ್ಗೆ ಕೆಳಗೆ ಚೆಂಡೆ ಕೇಳಿಸಿತು. ಯಕ್ಷಗಾನದ ವೇಷ ಹಾಕಿಸಿ ಪ್ರವಾಸಿಗರನ್ನು ಸ್ವಾಗತಿಸುತ್ತಿದ್ದರು. ನಾನು ಯೂನಿಫಾರ್ಮ್ ಹಾಕಿ, ಹೆಸರಿನ ಬಿಲ್ಲೆ ಹಾಕಿ ಡೆಸ್ಕಿನಲ್ಲಿ ನಿಂತು, ಕುದ್ರೋಳಿ ದೇವಸ್ಥಾನಕ್ಕೆ ಚಪ್ಪಲಿ ಬಿಡಬೇಕಾ, ಮೂಡುಬಿದಿರೆಗೆ ಹೋಗಿ ಬರಲು ಎಷ್ಟು ಹೊತ್ತು, ಎಳನೀರು ಕುಡಿದರೆ ಹೊಟ್ಟೆ ಕೆಡುತ್ತದಾ ಅಂತ ಕೇಳಿದವರಿಗೆಲ್ಲ ಉತ್ತರ ಕೊಡುತ್ತಿದ್ದೆ. ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನು ಮೊಸ್ಕೇನಿ ಅನ್ನುವ ಇಟಲಿಯ ಜೆಸ್ವಿಟ್ ಬ್ರದರ್ ಬರೆದದ್ದು ಅಂತ ಒಬ್ಬ ಇಟಲಿಯವನಿಗೆ ಹೇಳಿದೆ. ಅವನು ನಂಬಲಿಲ್ಲ. ಸಂಜೆ ಬಂದು "ಹೌದು ಮಾರಾಯ್ತಿ" ಅನ್ನುವ ಧಾಟಿಯಲ್ಲಿ ಕೈ ಮುಗಿದ. ಒಬ್ಬ ಅಜ್ಜಿ ಗೇರುಬೀಜದ ಫ್ಯಾಕ್ಟರಿ ನೋಡಿ ಬಂದು, ಗೇರುಬೀಜದ ಸಿಪ್ಪೆ ಹೇಗೆ ತೆಗೆಯುತ್ತಾರೆ ಅಂತ ನನಗೆ ಕಾಲು ಗಂಟೆ ವಿವರಿಸಿದರು. ನನ್ನ ಅಮ್ಮ ಅದೇ ಕೆಲಸ ಮಾಡಿ ನನ್ನನ್ನು ಓದಿಸಿದ್ದು. ಹೇಳಲಿಲ್ಲ. ಚೆನ್ನಾಗಿ ವಿವರಿಸುತ್ತಿದ್ದರು, ಯಾಕೆ ತಡೆಯುವುದು?

ಇವರು ಕಾಪುವಿಗೆ ಹೋಗಿ ಬರಲು ಧೈರ್ಯ ಮಾಡಲಿಲ್ಲ. ಹೆದ್ದಾರಿಯಲ್ಲಿ ಒಂದು ಟ್ರಾಫಿಕ್ ಜಾಮ್ ಆದರೆ ಹಡಗು ಬಿಟ್ಟು ಹೋಗುತ್ತದೆ, ಕೆಲಸವೂ ಹೋಗುತ್ತದೆ. ಹಾಗಾಗಿ ಮನೆಯವರೇ ಬಂದರು. ಬಂದರಿನ ಒಳಗೆ ಪಾಸ್ ಇಲ್ಲದೆ ಬಿಡುವುದಿಲ್ಲ. ಗೇಟಿನ ಹೊರಗೆ, ಪಣಂಬೂರು ಬೀಚಿನ ರಸ್ತೆಯ ಬದಿಯಲ್ಲಿ ಓಮ್ನಿಯ ಹಿಂದಿನ ಬಾಗಿಲು ತೆಗೆದು ಊಟ ಹರಡಿದರಂತೆ. ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ನನಗೆ ಅಂತ ಬೇರೆ ಡಬ್ಬಿ ಕಟ್ಟಿದ್ದರು. ಇವರಿಗೆ ಗೊತ್ತು, ಹಡಗು ಹತ್ತುವ ಗ್ಯಾಂಗ್‌ವೇಯಲ್ಲಿ ಅದನ್ನು ಒಳಗೆ ಬಿಡುವುದಿಲ್ಲ. ಅಮ್ಮನಿಗೆ ಹೇಳಲು ಆಗಲಿಲ್ಲ. ಡಬ್ಬಿ ಹಿಡಿದುಕೊಂಡೇ ಗೇಟಿನ ಒಳಗೆ ಬಂದು, ಅಲ್ಲಿ ಕೆಲಸ ಮಾಡುತ್ತಿದ್ದ ಕ್ರೇನಿನ ಹುಡುಗರಿಗೆ ಕೊಟ್ಟರು. ಖಾಲಿ ಡಬ್ಬಿ ಮಾತ್ರ ಮೇಲೆ ಬಂತು. ಒಳ್ಳೆಯ ಸ್ಟೀಲ್ ಡಬ್ಬಿ, ಬಿಡಲು ಮನಸ್ಸಾಗಲಿಲ್ಲ ಅಂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೋಡಿಯಾಗಿ ಹೋಗುವವರು ಇದನ್ನು ತಿಳಿದೇ ಹೋಗಬೇಕು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. "ನಿಮ್ಮದು ದೊಡ್ಡ ಹಡಗು, ಏನೂ ಆಗುವುದಿಲ್ಲ ಅಲ್ವಾ? ಆದರೂ ಇಬ್ಬರೂ ಒಟ್ಟಿಗೆ ಇದ್ದೀರಲ್ಲ, ಅದೊಂದು ಸಮಾಧಾನ" ಅಂತ ಅಮ್ಮ ಹೇಳಿದ್ದರು. ದೊಡ್ಡ ಹಡಗಿಗೂ ಆಗುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕೊಂಕಾರ್ಡಿಯಾ ಬಂಡೆಗೆ ತಾಗಿ ಮಗುಚಿತು. 4,200ಕ್ಕೂ ಜಾಸ್ತಿ ಜನ ಇದ್ದರು, 32 ಜನ ಸತ್ತರು. ಆ ಸಂಜೆ ಹಡಗು ಹತ್ತಿದವರಿಗೆ ಅಪಾಯದ ಅಭ್ಯಾಸ ಇನ್ನೂ ಆಗಿರಲಿಲ್ಲ, ಮರುದಿನಕ್ಕೆ ಇಟ್ಟಿದ್ದರು. ಆಗಿನ ನಿಯಮ 24 ಗಂಟೆಯೊಳಗೆ ಅಂತ ಇತ್ತು. ಆಮೇಲೆ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು.

ಅಮ್ಮ ಹೇಳಿದ "ಒಟ್ಟಿಗೆ" ಅನ್ನುವುದರ ವಿಷಯ ಹೀಗೆ. ಹಡಗಿನಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಎಮರ್ಜೆನ್ಸಿ ನಂಬರ್ ಉಂಟು. ಏಳು ಚಿಕ್ಕ ಸೈರನ್, ಒಂದು ಉದ್ದದ್ದು ಕೇಳಿದರೆ ಆ ನಂಬರಿನಲ್ಲಿ ಬರೆದ ಜಾಗಕ್ಕೆ ಓಡಬೇಕು. ನನ್ನದು ಐದನೇ ಡೆಕ್ಕಿನಲ್ಲಿ ಪ್ರಯಾಣಿಕರನ್ನು ಸೇರಿಸಿ ಎಣಿಸುವುದು. ಇವರದ್ದು ಸ್ಟ್ರೆಚರ್ ತಂಡ, ಹಡಗಿನ ಇನ್ನೊಂದು ತುದಿಯಲ್ಲಿ, ಮೂರನೇ ಡೆಕ್ಕು. ನನ್ನ ಲೈಫ್‌ಬೋಟ್ ಎಡಗಡೆ, ಇವರದ್ದು ಬಲಗಡೆ. ನಿಜವಾಗಿ ಏನಾದರೂ ಆದರೆ ನಾನು ಇವರನ್ನು ಹುಡುಕಿಕೊಂಡು ಹೋಗುವ ಹಾಗಿಲ್ಲ, ಇವರೂ ಹಾಗೆಯೇ. ನಾನು ಹೋದರೆ ನನ್ನ ಎದುರು ಲೈಫ್‌ಜಾಕೆಟ್ ಹಿಡಿದು ನಿಂತ ನೂರೈವತ್ತು ಜನರನ್ನು ಯಾರು ಎಣಿಸುವುದು? ನಾನು ಕೈಯಲ್ಲಿ ಬೋರ್ಡ್ ಹಿಡಿದು "ಕುಟುಂಬದವರು ಒಟ್ಟಿಗೆ ನಿಲ್ಲಿ" ಅಂತ ಕೂಗಬೇಕು. ಅದು ನನ್ನ ಕೆಲಸ. ತರಬೇತಿ ಕೊಟ್ಟ ಅಧಿಕಾರಿ ನಮ್ಮಂಥ ಜೋಡಿಗಳನ್ನು ಬೇರೆಯೇ ಕರೆದು ಒಂದು ಪ್ರಶ್ನೆ ಕೇಳಿದ್ದ: ಆ ಹೊತ್ತಿಗೆ ನೀವು ನಿಮ್ಮ ಜಾಗದಲ್ಲಿ ನಿಲ್ಲುತ್ತೀರಾ? ಹೌದು ಅಂದೆವು. ರಾತ್ರಿ ಕ್ಯಾಬಿನ್ನಿಗೆ ಬಂದು ಪುನಃ ಇವರು ಕೇಳಿದರು, ನಿಲ್ಲುತ್ತೀಯಾ? ನಿಲ್ಲುತ್ತೇನೆ ಅಂದೆ. ನೀವು? ಅಂದೆ. ಇವರೂ ಹೌದು ಅಂದರು. ಅಷ್ಟು ಗಟ್ಟಿಯಾಗಿ ಹೌದು ಅನ್ನಬೇಕಾಗಿರಲಿಲ್ಲ ಅಂತ ಆಗ ಅನಿಸಿತ್ತು, ಈಗ ಅನಿಸುವುದಿಲ್ಲ.

ನಮ್ಮನ್ನು ಹಡಗು ಪೂರ್ತಿ ಕೂರಿಸಿದ್ದು 2020ರಲ್ಲಿ, ಕೊರೊನಾ ಬಂದಾಗ. ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತದ್ದು ನಿಮಗೆ ನೆನಪಿರಬಹುದು. 3,711 ಜನ ಇದ್ದರು, ಅದರಲ್ಲಿ ನಮ್ಮ ದೇಶದವರು 138, 132 ಜನ ಕೆಲಸಗಾರರೇ. ಪ್ರಯಾಣಿಕರೆಲ್ಲ ಕೋಣೆಯಲ್ಲಿ, ಅವರ ಬಾಗಿಲಿಗೆ ಊಟ ಮುಟ್ಟಿಸಿದವರು ಈ ಹುಡುಗರು. ಇದನ್ನು ಆಗ ಯಾರೂ ಜಾಸ್ತಿ ಮಾತಾಡಲಿಲ್ಲ. ಮಾರ್ಚಿನಲ್ಲಿ ಯುರೋಪಿನ ಪ್ರವಾಸಿಗರಿದ್ದ ಕ್ರೂಸ್ ಹಡಗನ್ನು ನಮ್ಮ ಮಂಗಳೂರಿಗೂ ಬಿಡಲಿಲ್ಲ. ಬಿಡದ್ದು ಸರಿಯೇ ಇರಬಹುದು. ಹೊರಗೆ ನಿಂತ ಹಡಗಿನೊಳಗಿಂದ ಅದು ಬೇರೆಯಾಗಿ ಕಾಣುತ್ತದೆ, ಅಷ್ಟು ಮಾತ್ರ ಹೇಳುತ್ತೇನೆ.

ನಾವು ಆಗ ಇನ್ನೊಂದು ಹಡಗಿನಲ್ಲಿ, ಅಮೆರಿಕದ ಆಚೆ ಬದಿ. ಪ್ರಯಾಣಿಕರನ್ನೆಲ್ಲ ಇಳಿಸಿ ಹಡಗು ಬಹಾಮಾಸಿನ ಹತ್ತಿರ ಲಂಗರು ಹಾಕಿತು. ಸುತ್ತ ಇಂಥದ್ದೇ ಬಿಳಿ ಹಡಗುಗಳು, ರಾತ್ರಿ ದೀಪ ಹಾಕಿಕೊಂಡು, ಒಳಗೆ ಪ್ರಯಾಣಿಕರಿಲ್ಲ. ಸೋಂಕು ಹರಡಬಾರದು ಅಂತ ಕೆಲಸಗಾರರನ್ನು ಮೇಲಿನ ಬಾಲ್ಕನಿ ಕೋಣೆಗಳಿಗೆ ಕಳಿಸಿದರು. ದೊಡ್ಡ ಮಂಚ, ಕಡಲಿನ ಕಡೆ ಗಾಜಿನ ಬಾಗಿಲು. ಆದರೆ ಒಬ್ಬರಿಗೆ ಒಂದು ಕೋಣೆ. ಗಂಡ ಹೆಂಡತಿ ಅಂತ ರಿಯಾಯಿತಿ ಇಲ್ಲ. ಇವರದ್ದು ನನ್ನ ಕೋಣೆಯ ಮೇಲಿನ ಸಾಲಿನಲ್ಲಿ, ನಾಲ್ಕು ಕೋಣೆ ಆಚೆ. ಬಾಲ್ಕನಿಯಿಂದ ಬಗ್ಗಿದರೆ ಇವರ ಮೊಣಕೈ ಕಾಣುತ್ತಿತ್ತು. ಮೊದಲ ಸಲ ನಮಗೆ ಬೇಕಾದಷ್ಟು ಹೊತ್ತು ಇತ್ತು, ಕೆಲಸ ಇರಲಿಲ್ಲ. ದಿನಾ ಸಂಜೆ ಬಗ್ಗಿ ನಿಂತು ಕೂಗಿ ಮಾತಾಡುತ್ತಿದ್ದೆವು, ತುಳುವಿನಲ್ಲಿ. ಪಕ್ಕದ ಬಾಲ್ಕನಿಯ ಉಕ್ರೇನಿನ ಹುಡುಗಿ "ನೀವು ಯಾವಾಗಲೂ ಜಗಳ ಮಾಡುವುದಾ?" ಅಂತ ಕೇಳಿದಳು. ಇಲ್ಲ, ನಮ್ಮ ಭಾಷೆಯೇ ಹಾಗೆ ಅಂದೆ. ವಿಮಾನ ಸಿಕ್ಕಿ, ಊರಿಗೆ ಬಂದು, ಇಲ್ಲಿನ ಲಾಡ್ಜಿನಲ್ಲೂ ಕ್ವಾರಂಟೈನ್ ಮುಗಿಸಿ ಮನೆಗೆ ಹೋದಾಗ ಮಳೆ ಜೋರು ಹಿಡಿದಿತ್ತು.

ಮತ್ತೆ ಹೋಗುತ್ತೀರಾ ಅಂತ ಕೇಳುತ್ತಾರೆ. ನಾನು ಹೋಗುತ್ತೇನೆ ಅನ್ನುತ್ತೇನೆ, ಇವರು ಬೇಡ ಅನ್ನುತ್ತಾರೆ. ಮನೆಯ ಸಾಲ ತೀರಿದ್ದು, ತಂಗಿಯ ಓದು ಮುಗಿದದ್ದು ಆ ದುಡ್ಡಿನಿಂದ. ಅದನ್ನು ಮರೆತು ಬರೀ ಕಷ್ಟ ಹೇಳಿದರೆ ಅದು ಸುಳ್ಳಾಗುತ್ತದೆ. ಇಪ್ಪತ್ತೈದರ ಜೋಡಿಗೆ, ಇಷ್ಟು ವರ್ಷ ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ಅದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ. ತೀರ್ಮಾನ ಇಲ್ಲದೆ "ಇನ್ನೊಂದೇ ಕಾಂಟ್ರಾಕ್ಟ್" ಅಂತ ಹೋಗುವವರು ನಲವತ್ತೈದರಲ್ಲೂ ಅದೇ ಬಂಕಿನಲ್ಲಿ ಇದ್ದಾರೆ.

ಹೋಗುವವರಿಗೆ ಕಾಗದದ ವಿಷಯ ಹೇಳಿ ಮುಗಿಸುತ್ತೇನೆ. ಕೆಲಸ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವವರು ಮಂಗಳೂರಿನಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ. ಒಂದು ರೂಪಾಯಿಯೂ ಕೊಡಬೇಡಿ. ನಾನು ಆಗ ಹೇಳಿದ ಎಂಎಲ್‌ಸಿ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್, ಸಿಡಿಸಿ ಅಂದರೆ ಹಡಗಿನ ಕೆಲಸಗಾರರ ಗುರುತಿನ ಪುಸ್ತಕ, ಮೆಡಿಕಲ್, ಈ ಖರ್ಚು ನಿಮ್ಮದು. ವೀಸಾದ ಖರ್ಚು ಹಡಗಿನವರದ್ದು. ಏಜೆಂಟರಿಗೆ ಹಡಗಿಗೆ ಜನ ಕಳಿಸಲು ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಉಂಟಾ ಅಂತ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೀವೇ ನೋಡಿ, ಅವರು ತೋರಿಸಿದ ಫೋಟೊಕಾಪಿ ನಂಬಬೇಡಿ. ಸಿಡಿಸಿಗೆ ಮೊದಲು ಎಸ್‌ಟಿಸಿಡಬ್ಲ್ಯು ಸುರಕ್ಷತಾ ಕೋರ್ಸ್ ಆಗಬೇಕು: ನೀರಿನಲ್ಲಿ ಬದುಕುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ. ಸರ್ಟಿಫಿಕೇಟ್ ಮಾತ್ರ ಕೊಡುತ್ತೇವೆ, ಬರುವುದು ಬೇಡ ಅನ್ನುವವರ ಹತ್ತಿರ ಹೋಗಬೇಡಿ. ಈಜು ಬಾರದವರು ಇಲ್ಲೇ ಕಲಿತು ಹೋಗಿ.

ಜೋಡಿಗಳು ಮದುವೆ ರಿಜಿಸ್ಟರ್ ಮಾಡಿಸಿಕೊಳ್ಳಿ. ಮದುವೆ ಮಂಟಪದವರು ಕೊಟ್ಟ ರಸೀದಿ, ದೇವಸ್ಥಾನದ ಚೀಟಿ ಅಲ್ಲಿ ನಡೆಯುವುದಿಲ್ಲ. ಒಂದೇ ಹಡಗು ಬೇಕು ಅನ್ನುವುದನ್ನು ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಗ್ಯಾಲಿ ಕೆಲಸ, ಸಂಬಳ, ಟಿಪ್ಸ್ ಇದನ್ನೆಲ್ಲ ಇವರನ್ನು ಕೇಳಿ. ಇವರು ಮೈಕಿನ ಎದುರು ಬರುವುದಿಲ್ಲ, ಚಹಾದ ಹತ್ತಿರ ಸಿಗುತ್ತಾರೆ.